ಎದೆಬಡಿತದ ಸದ್ದಿಗೆ ಲೋ-ಪಾಸ್ ಫಿಲ್ಟರ್: ಕಾರವಾರ, ಶಿರಸಿ ಕಡೆಯ ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಎಲೆಕ್ಟ್ರಾನಿಕ್ ಸ್ಟೆತಸ್ಕೋಪ್ ಪ್ರಾಜೆಕ್ಟ್ ಮಾಡುವ ಹುಡುಗ ಹುಡುಗಿಯರು ನಮ್ಮ ಜಿಲ್ಲೆಯಲ್ಲಿ ಪ್ರತಿ ವರ್ಷ ಸಿಗುತ್ತಾರೆ. ಬಹಳ ಜನ ಸಿಕ್ಕಿಬೀಳುವುದು ಒಂದೇ ಕಡೆ, ಲೋ-ಪಾಸ್ ಫಿಲ್ಟರ್ ಹತ್ತಿರ, ಅಂದರೆ ಕೆಳಗಿನ ಫ್ರೀಕ್ವೆನ್ಸಿಯ ಸದ್ದನ್ನು ಒಳಗೆ ಬಿಟ್ಟು ಮೇಲಿನದನ್ನು ತಡೆಯುವ ಸರ್ಕ್ಯೂಟ್ ಹತ್ತಿರ. ಪುಸ್ತಕದ ಸೂತ್ರ ಎಲ್ಲರಿಗೂ ಗೊತ್ತಿರುತ್ತದೆ, ಆದರೆ ಯಾವ ಸಂಖ್ಯೆ ಹಾಕಬೇಕು, ಯಾಕೆ ಹಾಕಬೇಕು ಅನ್ನುವುದನ್ನು ಯಾರೂ ಕೂತು ಹೇಳಿರುವುದಿಲ್ಲ. ಆ ಪ್ರಶ್ನೆಗಳಿಗೆ ಇಲ್ಲಿ ಒಂದೊಂದಾಗಿ ಉತ್ತರ ಕೊಟ್ಟಿದ್ದೇನೆ.

ಹೃದಯದ ಸದ್ದು ಎಷ್ಟು ಹರ್ಟ್ಸ್ ಇರುತ್ತದೆ?

ಒಂದು ಸಂಖ್ಯೆ ಇಲ್ಲ. ಒಂದೊಂದು ಸದ್ದಿಗೆ ಒಂದೊಂದು ಜಾಗ ಇದೆ.

ಲಬ್ ಅನ್ನುವ ಮೊದಲ ಸದ್ದು ಮೈಟ್ರಲ್ ಮತ್ತು ಟ್ರೈಕಸ್ಪಿಡ್ ಕವಾಟಗಳು ಮುಚ್ಚುವಾಗ ಬರುತ್ತದೆ. ಡಬ್ ಅನ್ನುವ ಎರಡನೆಯದು ಅಯೋರ್ಟಿಕ್ ಮತ್ತು ಪಲ್ಮನರಿ ಕವಾಟಗಳು ಮುಚ್ಚುವಾಗ ಬರುತ್ತದೆ. ಎರಡರ ಶಕ್ತಿಯೂ ಹೆಚ್ಚಾಗಿ 200 ಹರ್ಟ್ಸ್‌ನ ಒಳಗೇ ಇದೆ, ಡಬ್ ಮಾತ್ರ ಲಬ್‌ಗಿಂತ ಸ್ವಲ್ಪ ಚೂಪು. ಮೂರನೆಯ, ನಾಲ್ಕನೆಯ ಸದ್ದುಗಳು ಎಲ್ಲರಲ್ಲೂ ಕೇಳುವುದಿಲ್ಲ. ಕೇಳಿದರೂ ಅವು ಇನ್ನೂ ಕೆಳಗೆ, ಸುಮಾರು 20ರಿಂದ 70 ಹರ್ಟ್ಸ್ ನಡುವೆ. ರಕ್ತ ಇಕ್ಕಟ್ಟಾದ ಅಥವಾ ಸರಿಯಾಗಿ ಮುಚ್ಚದ ಕವಾಟದಲ್ಲಿ ಸುಳಿದು ಹೋಗುವಾಗ ಬರುವ ಮರ್ಮರ್ ಸದ್ದು ಮಾತ್ರ ಮೇಲಕ್ಕೆ ಹೋಗುತ್ತದೆ. ಅದು 600 ಹರ್ಟ್ಸ್ ತನಕ ಸಾಮಾನ್ಯ, ಕೆಲವು ಅದಕ್ಕಿಂತ ಮೇಲೂ ಇರುತ್ತವೆ.

ಹಾಗಾದರೆ ಕಟ್‌ಆಫ್ ಎಷ್ಟು ಇಡಬೇಕು? ಒಬ್ಬರು 150 ಅಂತಾರೆ, ಇನ್ನೊಬ್ಬರು 1000 ಅಂತಾರೆ.

ಕಟ್‌ಆಫ್ ಅಂದರೆ ಫಿಲ್ಟರ್ ಕತ್ತರಿಸಲು ಶುರು ಮಾಡುವ ಫ್ರೀಕ್ವೆನ್ಸಿ. ಇಬ್ಬರೂ ಸರಿ ಇರಬಹುದು. ಅವರು ಬೇರೆ ಬೇರೆ ಕೆಲಸಕ್ಕೆ ಫಿಲ್ಟರ್ ಮಾಡುತ್ತಿದ್ದಾರೆ, ಅಷ್ಟೇ. ಬರೀ ಬಡಿತ ಎಣಿಸಿ ನಿಮಿಷಕ್ಕೆ ಎಷ್ಟು ಅಂತ ಡಿಸ್‌ಪ್ಲೇಯಲ್ಲಿ ತೋರಿಸಬೇಕಾ? 150 ಸಾಕು. ಲಬ್ ಡಬ್ ಎರಡೂ ಸಿಗುತ್ತವೆ, ಮಾತಿನ ಗದ್ದಲ ಬಹುಪಾಲು ಹೋಗುತ್ತದೆ. ಮರ್ಮರ್ ಕೂಡ ಹಿಡಿಯಬೇಕು ಅಂದರೆ 150ರಲ್ಲಿ ಕತ್ತರಿಸಿದರೆ ನೀವು ಹುಡುಕುತ್ತಿರುವುದನ್ನೇ ಎಸೆದ ಹಾಗಾಗುತ್ತದೆ. ಆಗ 600ಕ್ಕೆ ಹೋಗಿ, ಜಾಸ್ತಿ ಎಚ್ಚರ ಬೇಕಿದ್ದರೆ 1000ಕ್ಕೆ.

ಮೊದಲ ಸಲ ಮಾಡುವವರಿಗೆ ನಾನು ಹೇಳುವುದು 500ರ ಆಸುಪಾಸು. ಲಬ್ ಡಬ್ ಪೂರ್ತಿ ಸಿಗುತ್ತದೆ, ಮರ್ಮರ್‌ನ ದೊಡ್ಡ ಭಾಗವೂ ಉಳಿಯುತ್ತದೆ, ಬೇಕಾದ ರೆಸಿಸ್ಟರ್ ಕೆಪಾಸಿಟರ್ ಸುಲಭವಾಗಿ ಸಿಗುತ್ತವೆ. ಕೆಳಗಿನ ಲೆಕ್ಕವೆಲ್ಲ ಇದೇ ಅಂದಾಜಿನ ಮೇಲೆ ಇದೆ.

ಇದನ್ನೆಲ್ಲ ಸಾಫ್ಟ್‌ವೇರ್‌ನಲ್ಲೇ ಮಾಡಬಹುದಲ್ವಾ? ಸರ್ಕ್ಯೂಟ್ ಯಾಕೆ?

ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ಗೊತ್ತಿಲ್ಲದೆ ಫಿಲ್ಟರ್ ಕಟ್ಟಬೇಡಿ.

ಎಡಿಸಿ, ಅಂದರೆ ಸಿಗ್ನಲ್ ಅನ್ನು ಸಂಖ್ಯೆಯಾಗಿಸುವ ಭಾಗ, ಸೆಕೆಂಡಿಗೆ 4000 ಸಲ ಸ್ಯಾಂಪಲ್ (ಅಳತೆ) ತೆಗೆಯುತ್ತದೆ ಅಂತಿಟ್ಟುಕೊಳ್ಳಿ. ಅದರ ಅರ್ಧ, ಅಂದರೆ 2000 ಹರ್ಟ್ಸ್‌ಗಿಂತ ಮೇಲಿನ ಸದ್ದು ಒಳಗೆ ಬಂದರೆ ಅದು ಮಾಯವಾಗುವುದಿಲ್ಲ, ಮಡಚಿಕೊಂಡು ಕೆಳಗೆ ಬಂದು ಕೂರುತ್ತದೆ. ಶಿರಸಿ, ಸಿದ್ದಾಪುರ ಕಡೆಯವರಿಗೆ ಜೀರುಂಡೆ ಸದ್ದು ಹೊಸದೇನಲ್ಲ. ಆ ಕೂಗು ಕೆಲವು ಸಾವಿರ ಹರ್ಟ್ಸ್‌ನಲ್ಲಿ ಇರುತ್ತದೆ. ಅದರಲ್ಲಿ 3900 ಹರ್ಟ್ಸ್‌ನ ಅಂಶ ಇದ್ದರೆ ನಿಮ್ಮ ರೆಕಾರ್ಡಿಂಗ್‌ನಲ್ಲಿ ಅದು 4000 ಕಳೆ 3900, ಅಂದರೆ 100 ಹರ್ಟ್ಸ್ ಆಗಿ ಕಾಣುತ್ತದೆ. 100 ಹರ್ಟ್ಸ್ ಅಂದರೆ ಸರಿಯಾಗಿ ಲಬ್ ಡಬ್ ಇರುವ ಜಾಗ. ಒಮ್ಮೆ ಅಲ್ಲಿ ಬಂದು ಬೆರೆತ ಮೇಲೆ ಯಾವ ಸಾಫ್ಟ್‌ವೇರ್ ಫಿಲ್ಟರ್‌ಗೂ ಅದನ್ನು ಬೇರ್ಪಡಿಸಲು ಆಗುವುದಿಲ್ಲ. ಸ್ಯಾಂಪಲ್ ಆಗುವ ಮುಂಚೆಯೇ, ಬಾಗಿಲಲ್ಲೇ ತಡೆಯಬೇಕು. ಅದೇ ಈ ಸರ್ಕ್ಯೂಟ್‌ನ ಮುಖ್ಯ ಕೆಲಸ.

ಇನ್ನೊಂದು ದಾರಿಯೂ ಇದೆ. ಡಿಜಿಟಲ್ ಎಂಇಎಂಎಸ್ ಮೈಕ್ (ಚಿಪ್‌ನಲ್ಲೇ ಮಾಡಿದ ಪುಟ್ಟ ಮೈಕ್) ಅಥವಾ ಸಿಗ್ಮಾ-ಡೆಲ್ಟಾ ಆಡಿಯೋ ಕೋಡೆಕ್ (ಸದ್ದನ್ನು ಸಂಖ್ಯೆಯಾಗಿಸುವ ಚಿಪ್) ಬಳಸಿದರೆ ಅದು ಒಳಗೆ ಬಹಳ ವೇಗದಲ್ಲಿ ಸ್ಯಾಂಪಲ್ ಮಾಡಿ ಅಲ್ಲೇ ಫಿಲ್ಟರ್ ಮಾಡಿ ಕೊಡುತ್ತದೆ. ಆಗ ಕೆಳಗೆ ಹೇಳುವ ನಾಲ್ಕನೇ ಆರ್ಡರ್ ಆಕ್ಟಿವ್ ಫಿಲ್ಟರ್ ಬೇಕಿಲ್ಲ (ಆರ್ಡರ್ ಜಾಸ್ತಿಯಾದಷ್ಟೂ ಇಳಿಜಾರು ಕಡಿದು). ಆರ್ಡುಯಿನೋ, ಇಎಸ್‌ಪಿ32 ತರಹದ ಬೋರ್ಡಿನ ಸಾದಾ ಎಡಿಸಿಗೆ ಹಾಕುವವರಿಗೆ ಈ ಫಿಲ್ಟರ್ ಬೇಕೇ ಬೇಕು.

ಒಂದು ರೆಸಿಸ್ಟರ್, ಒಂದು ಕೆಪಾಸಿಟರ್ ಹಾಕಿದರೆ ಸಾಕಾಗಲ್ವಾ?

ಲೆಕ್ಕ ಹಾಕಿ ನೋಡೋಣ. ಕಟ್‌ಆಫ್ 482 ಹರ್ಟ್ಸ್ (500ರ ಹತ್ತಿರ, ಕೆಳಗಿನ ಸರ್ಕ್ಯೂಟ್‌ಗೆ ಬರುವುದು ಇದೇ), ತಡೆಯಬೇಕಾದದ್ದು ಜೀರುಂಡೆಯ 3900 ಹರ್ಟ್ಸ್. ಅಂದರೆ ಸುಮಾರು 8 ಪಟ್ಟು ಮೇಲೆ. ಒಂದೇ ಆರ್‌ಸಿ (ರೆಸಿಸ್ಟರ್-ಕೆಪಾಸಿಟರ್ ಜೋಡಿ) ಇದ್ದರೆ ಆ ಸದ್ದು ಬರೀ 8 ಪಟ್ಟು ಕುಗ್ಗುತ್ತದೆ. ಎರಡನೇ ಆರ್ಡರ್ ಆದರೆ 65 ಪಟ್ಟು. ನಾಲ್ಕನೇ ಆರ್ಡರ್ ಆದರೆ 4000 ಪಟ್ಟಿಗೂ ಜಾಸ್ತಿ, ಡೆಸಿಬೆಲ್‌ನಲ್ಲಿ ಹೇಳುವುದಾದರೆ 72ರ ಹತ್ತಿರ. 10 ಬಿಟ್ ಎಡಿಸಿಯ ಒಂದು ಮೆಟ್ಟಿಲೇ ಪೂರ್ತಿ ಅಳತೆಯ 1024ರಲ್ಲಿ ಒಂದು ಭಾಗ, ಹಾಗಾಗಿ ನಾಲ್ಕನೇ ಆರ್ಡರ್‌ನಲ್ಲಿ ಆ ಸದ್ದು ಒಂದು ಮೆಟ್ಟಿಲಿಗಿಂತ ಕೆಳಗೆ ಹೋಗುತ್ತದೆ.

ನಾಲ್ಕು ಆರ್‌ಸಿಗಳನ್ನೇ ಸಾಲಾಗಿ ಹಾಕಬಹುದು ಅಂತ ಕೆಲವರು ಕೇಳುತ್ತಾರೆ. ಹಾಕಬಹುದು, ಆದರೆ ಒಂದು ಇನ್ನೊಂದನ್ನು ಎಳೆಯುತ್ತದೆ, ಕಟ್‌ಆಫ್ ಹತ್ತಿರ ಇಳಿಜಾರು ಮೆತ್ತಗಾಗುತ್ತದೆ, ನಿಮಗೆ ಬೇಕಾದ 200–400 ಹರ್ಟ್ಸ್ ಕೂಡ ಸವೆಯುತ್ತದೆ. ಆಪ್‌ಆಂಪ್ (ಸಿಗ್ನಲ್ ಹಿಗ್ಗಿಸುವ ಚಿಪ್) ಸೇರಿಸಿದರೆ ಮೂಲೆ, ಅಂದರೆ ಕಟ್‌ಆಫ್ ಹತ್ತಿರದ ತಿರುವು, ಚೊಕ್ಕವಾಗಿ ಬರುತ್ತದೆ. ಆಕ್ಟಿವ್ ಅನ್ನುವುದರ ಲಾಭ ಅದು. ಇಂಡಕ್ಟರ್ ಹಾಕಿಯೂ ಅದೇ ಆಕಾರ ತರಬಹುದು, ಆದರೆ ಇಷ್ಟು ಕೆಳಗಿನ ಫ್ರೀಕ್ವೆನ್ಸಿಗೆ ಅದು ದಪ್ಪ ಸುರುಳಿಯೇ ಆಗಬೇಕು, ಮೇಲಾಗಿ 50 ಹರ್ಟ್ಸ್ ಗುಂಯ್ ಅನ್ನೂ ಎಳೆದುಕೊಳ್ಳುತ್ತದೆ.

ಸರಿ, ಸರ್ಕ್ಯೂಟ್ ಹೇಳಿ. ಬಿಡಿಭಾಗಗಳ ಮೌಲ್ಯಗಳ ಸಮೇತ.

ಸ್ಯಾಲೆನ್-ಕೀ ಅನ್ನುವ ಜೋಡಣೆ. 1955ರಲ್ಲಿ ಅಮೆರಿಕದ ಎಂಐಟಿ ಲಿಂಕನ್ ಲ್ಯಾಬೊರೇಟರಿಯ ಸ್ಯಾಲೆನ್ ಮತ್ತು ಕೀ ಅನ್ನುವ ಇಬ್ಬರು ಇದನ್ನು ಪ್ರಕಟಿಸಿದರು. ಇವತ್ತಿಗೂ ಕಲಿಯುವವರಿಗೆ ಇದಕ್ಕಿಂತ ಸುಲಭದ್ದು ಇಲ್ಲ ಅಂತ ನನ್ನ ಅಭಿಪ್ರಾಯ.

ಒಂದು ಹಂತ ಅಂದರೆ ಎರಡನೇ ಆರ್ಡರ್, ಅಂಥ ಎರಡು ಹಂತ ಸಾಲಾಗಿ ಇಟ್ಟರೆ ನಾಲ್ಕನೇ ಆರ್ಡರ್. ಒಂದು ಹಂತದ ಜೋಡಣೆ ಹೀಗೆ. ಇನ್‌ಪುಟ್‌ನಿಂದ ಮೊದಲ ರೆಸಿಸ್ಟರ್, ಅದರ ತುದಿಗೆ ಎರಡನೇ ರೆಸಿಸ್ಟರ್, ಅದರ ಇನ್ನೊಂದು ತುದಿ ಆಪ್‌ಆಂಪ್‌ನ ಪ್ಲಸ್ ಕಾಲಿಗೆ. ಪ್ಲಸ್ ಕಾಲಿನಿಂದ ಗ್ರೌಂಡ್‌ಗೆ ಒಂದು ಕೆಪಾಸಿಟರ್. ಎರಡು ರೆಸಿಸ್ಟರ್ ಸೇರುವ ಜಾಗದಿಂದ ಆಪ್‌ಆಂಪ್‌ನ ಔಟ್‌ಪುಟ್‌ಗೆ ಇನ್ನೊಂದು ಕೆಪಾಸಿಟರ್. ಇದನ್ನು ಗ್ರೌಂಡ್‌ಗೆ ಹಾಕಿಬಿಡುವವರು ಬಹಳ, ಹಾಗೆ ಮಾಡಿದರೆ ಅದು ಸುಮ್ನೆ ಎರಡು ಆರ್‌ಸಿ ಆಗಿ ಉಳಿಯುತ್ತದೆ. ಇನ್ನು ಗೇನ್‌ಗೆ (ಸಿಗ್ನಲ್ ಎಷ್ಟು ಪಟ್ಟು ಹಿಗ್ಗಬೇಕು ಅನ್ನುವುದಕ್ಕೆ) ಎರಡು ರೆಸಿಸ್ಟರ್: ಔಟ್‌ಪುಟ್‌ನಿಂದ ಮೈನಸ್ ಕಾಲಿಗೆ ಒಂದು, ಮೈನಸ್ ಕಾಲಿನಿಂದ 2.5 ವೋಲ್ಟ್ ರೆಫರೆನ್ಸ್‌ಗೆ (5 ವೋಲ್ಟ್ ಸಪ್ಲೈನ ಅರ್ಧ, ಮಾಡುವುದು ಹೇಗೆ ಅಂತ ಕೆಳಗಿದೆ) ಇನ್ನೊಂದು.

ಎರಡು ರೆಸಿಸ್ಟರ್ ಒಂದೇ ಮೌಲ್ಯ, ಎರಡು ಕೆಪಾಸಿಟರ್ ಒಂದೇ ಮೌಲ್ಯ ಇಟ್ಟರೆ ಕಟ್‌ಆಫ್ ಅಂದರೆ 1 ಭಾಗಿಸು (2 × ಪೈ × ಆರ್ × ಸಿ). ಆರ್ 33 ಕಿಲೋ ಓಮ್, ಸಿ 10 ನ್ಯಾನೋ ಫ್ಯಾರಡ್ ಹಾಕಿ. 482 ಹರ್ಟ್ಸ್ ಬರುತ್ತದೆ. 600ರ ಹತ್ತಿರ ಬೇಕಿದ್ದರೆ 27 ಕಿಲೋ ಓಮ್ ಹಾಕಿ, 589 ಬರುತ್ತದೆ. ಬಡಿತ ಎಣಿಸಲು ಮಾತ್ರ ಆದರೆ 100 ಕಿಲೋ ಓಮ್, 159 ಹರ್ಟ್ಸ್.

ಈಗ ಗೇನ್. ಈ ಜೋಡಣೆಯಲ್ಲಿ ಗೇನ್ ಅನ್ನು ನೀವು ಮನಸ್ಸಿಗೆ ಬಂದಷ್ಟು ಇಡುವ ಹಾಗಿಲ್ಲ. ಮೂಲೆಯ ಆಕಾರವನ್ನು ನಿರ್ಧರಿಸುವುದೇ ಅದು. ಗೇನ್ = 3 ಕಳೆ (1 ಭಾಗಿಸು ಕ್ಯೂ). ಕ್ಯೂ ಅಂದರೆ ಮೂಲೆ ಎಷ್ಟು ಚೂಪು ಅನ್ನುವ ಸಂಖ್ಯೆ. ನಾಲ್ಕನೇ ಆರ್ಡರ್ ಬಟರ್‌ವರ್ತ್‌ಗೆ (ಕಟ್‌ಆಫ್‌ಗಿಂತ ಕೆಳಗೆ ಏರಿಳಿತ ಇಲ್ಲದ ಫಿಲ್ಟರ್ ಆಕಾರ) ಮೊದಲ ಹಂತದ ಕ್ಯೂ 0.541, ಎರಡನೆಯದರದ್ದು 1.307. ಹಾಗಾಗಿ ಗೇನ್ 1.152 ಮತ್ತು 2.235 ಆಗಬೇಕು. ಮೊದಲ ಹಂತಕ್ಕೆ ಔಟ್‌ಪುಟ್ ಕಡೆ 1.5 ಕಿಲೋ ಓಮ್, ರೆಫರೆನ್ಸ್ ಕಡೆ 10 ಕಿಲೋ ಓಮ್. ಎರಡನೇ ಹಂತಕ್ಕೆ ಔಟ್‌ಪುಟ್ ಕಡೆ 12 ಕಿಲೋ ಓಮ್ ಜೊತೆ 330 ಓಮ್ ಸಾಲಾಗಿ, ರೆಫರೆನ್ಸ್ ಕಡೆ 10 ಕಿಲೋ ಓಮ್. ಎರಡೂ ಹಂತ ಸೇರಿ ಗೇನ್ 2.57 ಆಗುತ್ತದೆ. ಕ್ಯೂ ಕಡಿಮೆ ಇರುವ ಹಂತ ಮೊದಲು ಬರಲಿ. ಕಟ್‌ಆಫ್ ಹತ್ತಿರದ ಸದ್ದನ್ನು ಜಾಸ್ತಿ ಕ್ಯೂ ಇರುವ ಹಂತ ಉಬ್ಬಿಸುತ್ತದೆ, ಅದನ್ನೇ ಮೊದಲು ಇಟ್ಟರೆ ಅಲೆ ಬೇಗ ಸಪ್ಲೈನ ತುದಿ ಮುಟ್ಟಿ ಕತ್ತರಿಸಿಹೋಗುತ್ತದೆ.

ಯಾವುದೇ ಹಂತದ ಗೇನ್ 3 ಮುಟ್ಟಿದರೆ ಅದು ಫಿಲ್ಟರ್ ಆಗಿ ಉಳಿಯುವುದಿಲ್ಲ, ತಾನೇ ಕೂಗಲು ಶುರು ಮಾಡುತ್ತದೆ. ಇನ್‌ಪುಟ್ ಇಲ್ಲದೆ ಔಟ್‌ಪುಟ್‌ನಲ್ಲಿ 500ರ ಹತ್ತಿರ ಅಲೆ ಕಂಡರೆ ಮೊದಲು ಈ ರೆಸಿಸ್ಟರ್‌ಗಳ ಬಣ್ಣದ ಪಟ್ಟಿ ನೋಡಿ. 12 ಅಂದುಕೊಂಡು 22 ಹಾಕಿರುತ್ತೀರಿ.

ಬಟರ್‌ವರ್ತ್ ಯಾಕೆ? ಚೆಬಿಶೆವ್ ಇನ್ನೂ ಕಡಿದಾಗಿದೆ, ಬೆಸೆಲ್ ಅಲೆಯ ಆಕಾರ ಕೆಡಿಸಲ್ಲ ಅಂತಾರಲ್ಲ.

ಚೆಬಿಶೆವ್ ಬೇಡ. ಅದು ಬೇಕಾದ ಜಾಗದಲ್ಲೇ ಏರಿಳಿತ ತರುತ್ತದೆ. ಬೆಸೆಲ್ ಒಳ್ಳೆಯದೇ, ಆದರೆ ಅದರ ಇಳಿಜಾರು ನಿಧಾನ. ಲಬ್‌ಗೂ ಡಬ್‌ಗೂ ನಡುವಿನ ಸಮಯ ತಪ್ಪುತ್ತದೆ ಅನ್ನುವ ಭಯ ಬೇಡ. 482 ಹರ್ಟ್ಸ್‌ನ ಈ ಬಟರ್‌ವರ್ತ್‌ನಲ್ಲಿ ಕೆಳಗಿನ ಸದ್ದು ತಡವಾಗುವುದು ಒಂದು ಮಿಲಿಸೆಕೆಂಡಿಗಿಂತ ಕಡಿಮೆ, ಮತ್ತು ಲಬ್, ಡಬ್ ಎರಡೂ ಹೆಚ್ಚುಕಡಿಮೆ ಒಂದೇ ಅಷ್ಟು ತಡವಾಗುತ್ತವೆ.

ಆಪ್‌ಆಂಪ್ ಯಾವುದು? ನಮ್ಮ ಲ್ಯಾಬಿನಲ್ಲಿ 741 ಇದೆ.

741 ಪ್ಲಸ್ 15, ಮೈನಸ್ 15 ವೋಲ್ಟ್ ಕಾಲದ್ದು. 5 ವೋಲ್ಟ್‌ನಲ್ಲಿ ಅದರಿಂದ ಕೆಲಸ ತೆಗೆಯಲು ಹೋಗಬೇಡಿ. ಟಿಎಲ್072 ಒಳ್ಳೆಯ ಚಿಪ್, ಗದ್ದಲ ಕಡಿಮೆ, ಆದರೆ ಅದಕ್ಕೂ ಎರಡು 9 ವೋಲ್ಟ್ ಬ್ಯಾಟರಿ ಕೊಟ್ಟರೆ ಚೆಂದ. ಎಲ್‌ಎಂ358 ಎಲ್ಲ ಕಡೆ ಸಿಗುತ್ತದೆ, 5 ವೋಲ್ಟ್‌ಗೆ ಓಡುತ್ತದೆ, ಆದರೆ ಔಟ್‌ಪುಟ್ ಪ್ಲಸ್ ತುದಿಗಿಂತ ಸುಮಾರು ಒಂದೂವರೆ ವೋಲ್ಟ್ ಕೆಳಗೇ ನಿಲ್ಲುತ್ತದೆ, ಅಲೆ ನಡುವೆ ದಾಟುವಾಗ ಸ್ವಲ್ಪ ಮುರಿಯುತ್ತದೆ. ಕಲಿಯಲು ಅಡ್ಡಿ ಇಲ್ಲ.

ನನ್ನ ಆಯ್ಕೆ ಎಂಸಿಪಿ6004. 5 ವೋಲ್ಟ್ ಸಾಕು, ಔಟ್‌ಪುಟ್ ಎರಡೂ ತುದಿಯ ಹತ್ತಿರ ಹೋಗುತ್ತದೆ, ಒಂದೇ ಚಿಪ್‌ನಲ್ಲಿ ನಾಲ್ಕು ಆಪ್‌ಆಂಪ್. ಮೈಕ್‌ನ ಪ್ರಿಆಂಪ್‌ಗೆ (ಫಿಲ್ಟರ್‌ಗೆ ಮುಂಚೆ ಸಿಗ್ನಲ್ ಹಿಗ್ಗಿಸುವುದಕ್ಕೆ) ಒಂದು, ಫಿಲ್ಟರ್‌ಗೆ ಎರಡು, ರೆಫರೆನ್ಸ್‌ಗೆ ಒಂದು. ಲೆಕ್ಕ ಸರಿಹೋಯಿತು. 1 ಮೆಗಾಹರ್ಟ್ಸ್ ಬ್ಯಾಂಡ್‌ವಿಡ್ತ್ ಈ ಕೆಲಸಕ್ಕೆ ಧಾರಾಳ.

ಸ್ಯಾಲೆನ್-ಕೀಗೆ ಒಂದು ದೌರ್ಬಲ್ಯ ಇದೆ. ಬಹಳ ಮೇಲಿನ ಫ್ರೀಕ್ವೆನ್ಸಿಯಲ್ಲಿ ಆಪ್‌ಆಂಪ್ ಸೋತಾಗ, ಔಟ್‌ಪುಟ್‌ಗೆ ಹಾಕಿದ ಕೆಪಾಸಿಟರ್ ಮೂಲಕವೇ ಗದ್ದಲ ನುಸುಳುತ್ತದೆ. ಮೊಬೈಲ್ ಪಕ್ಕದಲ್ಲಿಟ್ಟಾಗ ಬರುವ ಟರ್ರ್ ಸದ್ದಿನ ಹಾಗೆ ಏನಾದರೂ ಸೇರಿದರೆ ಕೊನೆಯಲ್ಲಿ, ಎಡಿಸಿಗೆ ಹೋಗುವ ಮುಂಚೆ, 1 ಕಿಲೋ ಓಮ್ ಮತ್ತು 10 ನ್ಯಾನೋ ಫ್ಯಾರಡ್‌ನ ಒಂದು ಸಾದಾ ಆರ್‌ಸಿ ಹಾಕಿ. ಮೊಬೈಲನ್ನೂ ದೂರ ಇಡಿ.

ಔಟ್‌ಪುಟ್ 5 ವೋಲ್ಟ್‌ಗೆ ಅಂಟಿಕೊಂಡು ಕೂತಿದೆ. ಏನಾಯಿತು?

ಗೇನ್‌ನ ರೆಸಿಸ್ಟರನ್ನು ರೆಫರೆನ್ಸ್ ಬದಲು ಗ್ರೌಂಡ್‌ಗೆ ಹಾಕಿದ್ದೀರಿ. ಒಂದೇ ಸಪ್ಲೈ ಇದ್ದಾಗ ಸಿಗ್ನಲ್ 2.5 ವೋಲ್ಟ್ ಮೇಲೆ ಕೂತು ಆಡುತ್ತದೆ. ಗ್ರೌಂಡ್‌ಗೆ ಹಾಕಿದರೆ ಆ 2.5 ಕೂಡ 2.57 ಪಟ್ಟು ಆಗಬೇಕು, ಅಂದರೆ 6.4 ವೋಲ್ಟ್. ಇರುವುದೇ 5.

ರೆಫರೆನ್ಸ್ ಮಾಡುವುದು ಸುಲಭ. ಎರಡು 10 ಕಿಲೋ ಓಮ್‌ನಿಂದ 5 ವೋಲ್ಟ್ ಅರ್ಧ ಮಾಡಿ, ಆ ಜಾಗದಿಂದ ಗ್ರೌಂಡ್‌ಗೆ 10 ಮೈಕ್ರೋ ಫ್ಯಾರಡ್, ಆಮೇಲೆ ಒಂದು ಆಪ್‌ಆಂಪ್ ಬಫರ್ (ಔಟ್‌ಪುಟ್ ಅನ್ನು ನೇರ ಮೈನಸ್ ಕಾಲಿಗೆ ಸೇರಿಸಿದ್ದು). ದೊಡ್ಡ ಕೆಪಾಸಿಟರನ್ನು ಬಫರ್‌ನ ಔಟ್‌ಪುಟ್‌ಗೆ ಹಾಕಬೇಡಿ, ಅದು ಅಲ್ಲಾಡಲು ಶುರು ಮಾಡಬಹುದು.

ಕೆಪಾಸಿಟರ್ ಯಾವುದಾದರೂ ಆಗುತ್ತಾ?

ಆಗುವುದಿಲ್ಲ. ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಫಿಲ್ಮ್ ಕೆಪಾಸಿಟರ್ ಹಾಕಿ, 5 ಶೇಕಡಾ ವ್ಯತ್ಯಾಸದ್ದು. ಸೆರಾಮಿಕ್ ಬೇಕೇ ಬೇಕು ಅಂದರೆ ಸಿ0ಜಿ ಅನ್ನುವ ಬಗೆ. ಅಗ್ಗದ ಸೆರಾಮಿಕ್‌ಗಳ ಮೌಲ್ಯ ವೋಲ್ಟೇಜ್ ಮತ್ತು ಬಿಸಿಗೆ ಬದಲಾಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ, ಎಕ್ಸ್7ಆರ್ ಬಗೆಯವುಗಳನ್ನು ತಟ್ಟಿದರೆ ಅವೇ ಸಣ್ಣ ವೋಲ್ಟೇಜ್ ಹುಟ್ಟಿಸುತ್ತವೆ. ಎದೆಯ ಮೇಲಿನ ಕಂಪನ ಅಳೆಯುವ ಪೆಟ್ಟಿಗೆಯಲ್ಲಿ ಇದು ಬೇಡವೇ ಬೇಡ, ಅಲ್ವಾ.

ಲೋ-ಪಾಸ್ ಹಾಕಿದರೂ ಗುಂಯ್ ಅನ್ನುವ ಸದ್ದು ಹೋಗುತ್ತಿಲ್ಲ.

ಹೋಗುವುದೂ ಇಲ್ಲ. ನಮ್ಮ ಕರೆಂಟ್ 50 ಹರ್ಟ್ಸ್. ಹೃದಯದ ಸದ್ದೂ ಅಲ್ಲೇ ಇದೆ. ಲೋ-ಪಾಸ್ ಫಿಲ್ಟರ್ ಕಟ್‌ಆಫ್‌ಗಿಂತ ಕೆಳಗಿನದನ್ನು ಮುಟ್ಟುವುದಿಲ್ಲ, ಅದಕ್ಕೆ ಲಬ್ ಯಾವುದು, ಗುಂಯ್ ಯಾವುದು ಗೊತ್ತಿಲ್ಲ. ಇದೊಂದು ಮಾತನ್ನು ಚೆನ್ನಾಗಿ ಮನಸ್ಸಿನಲ್ಲಿ ಇಟ್ಟುಕೊಂಡರೆ ಪ್ರಾಜೆಕ್ಟ್‌ನ ಅರ್ಧ ತಲೆನೋವು ಕಡಿಮೆಯಾಗುತ್ತದೆ. 50ಕ್ಕೆ ನಾಚ್ ಫಿಲ್ಟರ್ (ಒಂದು ಫ್ರೀಕ್ವೆನ್ಸಿಯನ್ನು ಮಾತ್ರ ತೆಗೆಯುವುದು) ಹಾಕಬಹುದು, ಆದರೆ ಅದು ಗುಂಯ್ ಜೊತೆ ಲಬ್‌ನ ಒಂದಷ್ಟನ್ನೂ ಒಯ್ಯುತ್ತದೆ.

ಮೂಲದಲ್ಲೇ ತಡೆಯಿರಿ. ಬ್ಯಾಟರಿಯಲ್ಲಿ ಓಡಿಸಿ. ಲ್ಯಾಪ್‌ಟಾಪ್ ಚಾರ್ಜರ್ ತೆಗೆಯಿರಿ. ಮೈಕ್‌ನಿಂದ ಬರುವ ತಂತಿ ಶೀಲ್ಡ್ ಇರುವುದಾಗಿರಲಿ, ಗಿಡ್ಡ ಇರಲಿ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋಗುವುದು ಮಾಮೂಲು, ಮನೆಮನೆಯಲ್ಲಿ ಇನ್ವರ್ಟರ್ ಇರುತ್ತದೆ. ಸ್ಕ್ವೇರ್ ವೇವ್ ಇನ್ವರ್ಟರ್ ಓಡುತ್ತಿದ್ದರೆ 50 ಮಾತ್ರ ಅಲ್ಲ, 150, 250, 350, 450 ಹರ್ಟ್ಸ್ ಎಲ್ಲವೂ ಬರುತ್ತವೆ, ಅಷ್ಟೂ ನಿಮ್ಮ ಫಿಲ್ಟರ್‌ನ ಒಳಗೇ ಬೀಳುತ್ತವೆ. ಅಂಥ ಹೊತ್ತಲ್ಲಿ ರೆಕಾರ್ಡ್ ಮಾಡಬೇಡಿ, ಅಥವಾ ಇನ್ವರ್ಟರ್ ಇಲ್ಲದ ಕೋಣೆಗೆ ಹೋಗಿ.

ಉಸಿರಾಟ, ಕೈ ಅಲುಗಾಡುವ ಸದ್ದು?

ಅದಕ್ಕೆ ಕೆಳಗಿನ ಕಡೆ ಒಂದು ಹೈ-ಪಾಸ್ (ಕೆಳಗಿನದನ್ನು ತಡೆಯುವ ಫಿಲ್ಟರ್) ಬೇಕು. ಮೈಕ್ ಮತ್ತು ಪ್ರಿಆಂಪ್ ನಡುವೆ 0.1 ಮೈಕ್ರೋ ಫ್ಯಾರಡ್, ಅದರ ಆಚೆ ರೆಫರೆನ್ಸ್‌ಗೆ 68 ಕಿಲೋ ಓಮ್. 23 ಹರ್ಟ್ಸ್‌ಗಿಂತ ಕೆಳಗಿನದು ಇಳಿಯುತ್ತದೆ. ಉಸಿರಿನ ಸದ್ದು ಪೂರ್ತಿ ಹೋಗುವುದಿಲ್ಲ, ಅದು ಇನ್ನೂ ಮೇಲಿನ ತನಕ ಹರಡಿದೆ. ಉಸಿರು ಬಿಟ್ಟು ಸ್ವಲ್ಪ ಹೊತ್ತು ಹಿಡಿದುಕೊಳ್ಳಲು ಹೇಳಿ.

ಮಳೆಗಾಲದಲ್ಲಿ ರೆಕಾರ್ಡಿಂಗ್ ಪೂರ್ತಿ ಕೆಡುತ್ತದೆ. ಫಿಲ್ಟರ್ ಬದಲಿಸಬೇಕಾ?

ಎರಡು ಬೇರೆ ಬೇರೆ ತೊಂದರೆ ಇವೆ.

ಒಂದು ಸದ್ದು. ತಗಡಿನ ಅಥವಾ ಸಿಮೆಂಟ್ ಶೀಟಿನ ಮೇಲೆ ಬೀಳುವ ಮಳೆ ಎಲ್ಲ ಫ್ರೀಕ್ವೆನ್ಸಿಯಲ್ಲೂ ಹರಡಿಕೊಂಡ ಗದ್ದಲ. ಜೀರುಂಡೆಯನ್ನು ಈ ಫಿಲ್ಟರ್ ಅಳಿಸಿಹಾಕುತ್ತದೆ. ಮಳೆಯ ಶ್‌ಶ್ ಅನ್ನುವ ಮೇಲಿನ ಭಾಗವನ್ನೂ ತೆಗೆಯುತ್ತದೆ. ಆದರೆ ಮಳೆಯ ಧಡಧಡ ಅನ್ನುವ ಕೆಳಗಿನ ಭಾಗ ಉಳಿದುಕೊಳ್ಳುತ್ತದೆ. ಸ್ಟೆತಸ್ಕೋಪ್ ತಲೆ ಚರ್ಮಕ್ಕೆ ಗಟ್ಟಿಯಾಗಿ ಕೂತು ಗಾಳಿ ನುಸುಳದಂತೆ ಇದ್ದರೆ, ಮೈಕ್‌ನ ಹಿಂದೆ ಫೋಮ್ ತುಂಬಿದ್ದರೆ ಬಹಳ ಫರಕು ಬರುತ್ತದೆ. ಹಂಚಿನ ಮನೆಯಾದರೆ ಮಾಳಿಗೆ ಇರುವ ಒಳಕೋಣೆ ಹುಡುಕಿ.

ಇನ್ನೊಂದು ತೇವ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳದಲ್ಲಿ ಉಪ್ಪುಗಾಳಿಯೂ ಸೇರುತ್ತದೆ. ಬೋರ್ಡಿನ ಮೇಲೆ ಸೋಲ್ಡರ್ ಫ್ಲಕ್ಸ್ ಉಳಿದಿದ್ದರೆ ಅದು ತೇವ ಹಿಡಿದುಕೊಂಡು ಸಣ್ಣದಾಗಿ ಕರೆಂಟ್ ಸೋರಿಸುತ್ತದೆ. ಬ್ರೆಡ್‌ಬೋರ್ಡಿನ ಕಂಬಿಗಳು ತುಕ್ಕು ಹಿಡಿದು ಕರಕರ ಅನ್ನುತ್ತವೆ. ಆದ್ದರಿಂದ ಮೆಗಾಓಮ್ ರೆಸಿಸ್ಟರ್ ಹಾಕಿ ಸಣ್ಣ ಕೆಪಾಸಿಟರ್‌ನಿಂದ ಕೆಲಸ ತೆಗೆಯುವ ವಿನ್ಯಾಸ ಕರಾವಳಿಗೆ ಒಗ್ಗುವುದಿಲ್ಲ. 33 ಕಿಲೋ ಓಮ್ ಹೇಳಿದ್ದಕ್ಕೆ ಇದೂ ಒಂದು ಕಾರಣ. ಸೋಲ್ಡರ್ ಮಾಡಿದ ಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಉಜ್ಜಿ ತೊಳೆದು, ಪೂರ್ತಿ ಒಣಗಿಸಿ, ಮೇಲೆ ಕನ್ಫಾರ್ಮಲ್ ಕೋಟಿಂಗ್ (ತೇವ ತಡೆಯುವ ಲೇಪ) ಬಳಿಯಿರಿ. ಮೈಕ್‌ಗೆ ಮಾತ್ರ ಬಳಿಯಬೇಡಿ. ಇಡುವಾಗ ಮುಚ್ಚಳ ಗಟ್ಟಿ ಇರುವ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ.

ಮೈಕ್ ಹೇಗೆ ಕೂರಿಸುವುದು?

ಸಾದಾ ಸ್ಟೆತಸ್ಕೋಪ್ ತಲೆ ತೆಗೆದುಕೊಳ್ಳಿ. ರಬ್ಬರ್ ನಳಿಗೆಯನ್ನು ಮೂರು ನಾಲ್ಕು ಸೆಂಟಿಮೀಟರ್ ಉಳಿಸಿ ಕತ್ತರಿಸಿ, ಅದರೊಳಗೆ ಎಲೆಕ್ಟ್ರೆಟ್ ಮೈಕ್ ಬಿಗಿಯಾಗಿ ತುರುಕಿ. ಸಡಿಲ ಇದ್ದರೆ ಕೆಳಗಿನ ಸದ್ದು ಮೊದಲು ಹೋಗುತ್ತದೆ. ಮೈಕ್‌ಗೆ 5 ವೋಲ್ಟ್‌ನಿಂದ 2.2ರಿಂದ 10 ಕಿಲೋ ಓಮ್ ನಡುವಿನ ಒಂದು ರೆಸಿಸ್ಟರ್ ಮೂಲಕ ಕರೆಂಟ್ ಕೊಡಿ. ಪ್ರಿಆಂಪ್ ಗೇನ್ 50ರಿಂದ ಶುರು ಮಾಡಿ, ಪ್ರಿಸೆಟ್ (ತಿರುಗಿಸಿ ಬದಲಿಸುವ ಪುಟ್ಟ ರೆಸಿಸ್ಟರ್) ಇಟ್ಟು ಹೊಂದಿಸಿ.

ಫಿಲ್ಟರ್ ಸರಿ ಇದೆ ಅಂತ ಪರೀಕ್ಷೆ ಮಾಡುವುದು ಹೇಗೆ? ಮನೆಯಲ್ಲಿ ಆಸಿಲೋಸ್ಕೋಪ್ ಇಲ್ಲ.

ಮೊಬೈಲ್‌ನಲ್ಲಿ ಟೋನ್ ಜನರೇಟರ್ ಆಪ್ ಹಾಕಿ, ಹೆಡ್‌ಫೋನ್ ತೂತಿನಿಂದ 10 ಮೈಕ್ರೋ ಫ್ಯಾರಡ್ ಮೂಲಕ ನೇರ ಫಿಲ್ಟರ್‌ಗೆ ಕೊಡಿ, ಪ್ರಿಆಂಪ್ ಬಿಟ್ಟು. ಫಿಲ್ಟರ್ ಇನ್‌ಪುಟ್‌ನಿಂದ ರೆಫರೆನ್ಸ್‌ಗೆ 10 ಕಿಲೋ ಓಮ್ ಇರಲಿ. ಔಟ್‌ಪುಟ್ ನೋಡಲು ಎಡಿಸಿಯನ್ನೇ ಬಳಸಿ. ಅಗ್ಗದ ಮಲ್ಟಿಮೀಟರ್‌ನ ಎಸಿ ಅಳತೆಯನ್ನು 400 ಹರ್ಟ್ಸ್ ಮೇಲೆ ನಂಬಬೇಡಿ.

100 ಮಿಲಿವೋಲ್ಟ್ ಕೊಟ್ಟರೆ 100 ಹರ್ಟ್ಸ್‌ನಲ್ಲಿ 257 ಮಿಲಿವೋಲ್ಟ್ ಹತ್ತಿರ ಬರಬೇಕು. 482ರಲ್ಲಿ 182. 964ರಲ್ಲಿ ಬರೀ 16. ಕೆಪಾಸಿಟರ್ ವ್ಯತ್ಯಾಸದಿಂದ ಸ್ವಲ್ಪ ಆಚೀಚೆ ಆಗುತ್ತದೆ. 482ರಲ್ಲಿ 257ಕ್ಕಿಂತ ಜಾಸ್ತಿ ಬಂದರೆ ಎರಡನೇ ಹಂತದ ಗೇನ್ ಜಾಸ್ತಿಯಾಗಿದೆ.

ಸ್ಕ್ರೀನ್‌ನಲ್ಲಿ ಅಲೆ ಚೆನ್ನಾಗಿದೆ, ಮೊಬೈಲ್ ಸ್ಪೀಕರ್‌ನಲ್ಲಿ ಏನೂ ಕೇಳುತ್ತಿಲ್ಲ.

ಮೊಬೈಲ್‌ನ ಪುಟ್ಟ ಸ್ಪೀಕರ್‌ಗೆ 50–100 ಹರ್ಟ್ಸ್ ಹೊರಡಿಸಲು ಆಗುವುದಿಲ್ಲ. ನಮ್ಮ ಕಿವಿಯೂ ಅಷ್ಟು ಕೆಳಗೆ ಮಂದ. ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಹಾಕಿ ಕೇಳಿ. ಫಿಲ್ಟರ್‌ನ ಆಪ್‌ಆಂಪ್‌ನಿಂದ ನೇರ ಹೆಡ್‌ಫೋನ್ ಓಡಿಸಬೇಡಿ, ನಡುವೆ ಎಲ್‌ಎಂ386 ಆಂಪ್ಲಿಫೈಯರ್ ಚಿಪ್ ಹಾಕಿ.

ಸ್ಯಾಂಪಲ್ ರೇಟ್ 4000 ಯಾಕೆ? 2000 ಸಾಕಲ್ವಾ?

2016ರ ಫಿಸಿಯೋನೆಟ್ ಚಾಲೆಂಜ್‌ನ (ಹೃದಯದ ಸದ್ದು ವಿಂಗಡಿಸುವ ಸ್ಪರ್ಧೆ) ಹೃದಯ ಸದ್ದಿನ ರೆಕಾರ್ಡಿಂಗ್‌ಗಳು 2000ದಲ್ಲೇ ಇವೆ, ಅವು ಉಚಿತವಾಗಿ ಸಿಗುತ್ತವೆ, ಹೋಲಿಸಿ ನೋಡಲು ಬಹಳ ಒಳ್ಳೆಯವು. ಆದರೆ ನೀವು ಹೊಸದಾಗಿ ರೆಕಾರ್ಡ್ ಮಾಡುವಾಗ 4000 ಇಡಿ. ಫಿಲ್ಟರ್‌ಗೆ ಇಳಿಯಲು ಜಾಗ ಸಿಗುತ್ತದೆ. ಆಮೇಲೆ ಸಾಫ್ಟ್‌ವೇರ್‌ನಲ್ಲಿ ಇಳಿಸಿಕೊಳ್ಳಬಹುದು.

ಬಿಡಿಭಾಗ ಎಲ್ಲಿ ಸಿಗುತ್ತವೆ?

ರೆಸಿಸ್ಟರ್, ಎಲ್‌ಎಂ358 ಟಿವಿ ರಿಪೇರಿ ಅಂಗಡಿಯಲ್ಲಿ ಕೇಳಿ ನೋಡಿ. ಎಂಸಿಪಿ6004, ಒಳ್ಳೆಯ ಫಿಲ್ಮ್ ಕೆಪಾಸಿಟರ್ ಬೇಕಿದ್ದರೆ ಹುಬ್ಬಳ್ಳಿ, ಬೆಂಗಳೂರಿನ ಎಸ್‌ಪಿ ರೋಡ್ ಅಥವಾ ಆನ್‌ಲೈನ್. ಜೂನ್‌ಗೆ ಮುಂಚೆ ತರಿಸಿಕೊಳ್ಳಿ. ಘಟ್ಟದಲ್ಲಿ ಗುಡ್ಡ ಕುಸಿದರೆ ಕೊರಿಯರ್ ಎಲ್ಲೋ ನಿಲ್ಲುತ್ತದೆ.

ಇದರಿಂದ ಹೃದಯದ ಕಾಯಿಲೆ ಗೊತ್ತಾಗುತ್ತಾ? ಅಜ್ಜಿಗೆ ಹಾಕಿ ನೋಡಬಹುದಾ?

ಹಾಕಿ ನೋಡಿ, ಆದರೆ ಬ್ಯಾಟರಿಯಲ್ಲಿ ಮಾತ್ರ. ಚಾರ್ಜರ್‌ಗೆ ಸಿಕ್ಕಿಸಿದ ಯಾವುದನ್ನೂ ಯಾರ ಮೈಗೂ ತಾಗಿಸಬೇಡಿ, ಲ್ಯಾಪ್‌ಟಾಪ್ ಕೂಡ ಬ್ಯಾಟರಿಯಲ್ಲೇ ಇರಲಿ. ಎಡ ಎದೆಯ ಕೆಳಗೆ, ಐದನೇ ಪಕ್ಕೆಲುಬಿನ ಸಂದಿಯ ಹತ್ತಿರ ಇಟ್ಟರೆ ಲಬ್ ಜೋರಾಗಿ ಕೇಳುತ್ತದೆ. ಮೇಲೆ, ಎದೆಮೂಳೆಯ ಅಕ್ಕಪಕ್ಕ ಎರಡನೇ ಸಂದಿಯಲ್ಲಿ ಇಟ್ಟರೆ ಡಬ್ ಜೋರು.

ನಡುವೆ ಸುಯ್ಯನೆ ಏನಾದರೂ ಕೇಳಿದರೆ ಅದು ಮರ್ಮರ್ ಇರಬಹುದು, ಬಟ್ಟೆ ಉಜ್ಜಿದ ಸದ್ದೂ ಇರಬಹುದು, ಉಸಿರೂ ಇರಬಹುದು. ಎಷ್ಟೋ ಮರ್ಮರ್‌ಗಳು ನಿರಪಾಯದವು, ಮಕ್ಕಳಲ್ಲಿ ಅಂತೂ ಸಾಮಾನ್ಯ. ಹಾಗೆಯೇ ನಿಮ್ಮ ಪೆಟ್ಟಿಗೆಯಲ್ಲಿ ಏನೂ ಕೇಳದಿದ್ದರೆ ಹೃದಯ ಚೆನ್ನಾಗಿದೆ ಅಂತ ಹೇಳಲೂ ಬರುವುದಿಲ್ಲ. ಅಜ್ಜಿಗೆ ಏದುಸಿರು, ಎದೆನೋವು, ಕಾಲು ಬಾವು ಇದ್ದರೆ ರೆಕಾರ್ಡಿಂಗ್ ಮಾಡುತ್ತ ಕೂರಬೇಡಿ, ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.